ತೆಳು ಮಿಶ್ರಣದ ಕೋಡ್: ಹಳೆಯ ಕಾರುಗಳಲ್ಲಿ ಪಿ 0171 ಮತ್ತು ಪಿ 0174ರ ಮೂಲವನ್ನು ಹುಡುಕುವ ಬಗೆ

ಚೆಕ್ ಇಂಜಿನ್ ದೀಪ ಹೊತ್ತಿಕೊಂಡಿದೆ. ಸ್ಕ್ಯಾನರ್ ಹಾಕಿ ನೋಡಿದರೆ ಪಿ 0171, ಅಂದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ತೆಳುವಾಗಿದೆ ಎಂಬ ಕೋಡ್ ತೋರಿಸುತ್ತದೆ. ಸಿಲಿಂಡರುಗಳು ಎರಡು ಸಾಲಾಗಿರುವ ವಿ ಆಕಾರದ ಇಂಜಿನ್ ಆಗಿದ್ದರೆ ಅದರೊಂದಿಗೆ ಎರಡನೆಯ ಸಾಲಿನ ಅದೇ ದೂರಾದ ಪಿ 0174 ಕೂಡ ಇರಬಹುದು. ಇದನ್ನು ಕಂಡವರಲ್ಲಿ ಬಹಳಷ್ಟು ಜನ ಮೊದಲು ಮಾಡುವ ಕೆಲಸ ಆಕ್ಸಿಜನ್ ಸೆನ್ಸರ್ ಬದಲಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಹೊಸ ಸೆನ್ಸರ್ ಕೂಡ ಕೆಲವು ದಿನಗಳ ಓಡಾಟದ ನಂತರ ಅದೇ ದೂರನ್ನು ಹೇಳುತ್ತದೆ. ಏಕೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಹಳೆಯ ಸೆನ್ಸರ್ ಹೇಳುತ್ತಿದ್ದುದು ನಿಜವೇ ಆಗಿರುತ್ತದೆ.

ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಇದಕ್ಕಿಂತ ಗಾಳಿ ಹೆಚ್ಚಾದರೂ, ಪೆಟ್ರೋಲ್ ಕಡಿಮೆಯಾದರೂ ಮಿಶ್ರಣ ತೆಳುವಾಯಿತು ಎನ್ನುತ್ತೇವೆ. ಗ್ಯಾರೇಜಿನ ಮಾತಿನಲ್ಲಿ ಅದೇ ಲೀನ್. ಇಂಜಿನ್ನಿನಿಂದ ಹೊರಬರುವ ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಆಕ್ಸಿಜನ್ ಸೆನ್ಸರ್ ಗಮನಿಸಿ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ. ಇಸಿಯು ಇಂಜೆಕ್ಟರುಗಳನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟು ಕೊರತೆಯನ್ನು ತುಂಬಿಸುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಕ್ಷಣಕ್ಷಣಕ್ಕೂ ಏರಿಳಿಯುವುದು ಶಾರ್ಟ್ ಟರ್ಮ್ ಟ್ರಿಮ್. ಅದರ ಒಲವನ್ನು ನೋಡಿ ಇಸಿಯು ನಿಧಾನವಾಗಿ ಕಲಿತು ನೆನಪಿಟ್ಟುಕೊಳ್ಳುವುದು ಲಾಂಗ್ ಟರ್ಮ್ ಟ್ರಿಮ್. ಎರಡನ್ನೂ ಕೂಡಿಸಿದಾಗ ಬರುವ ಸಂಖ್ಯೆ ಶೇಕಡಾ 5ರ ಆಚೀಚೆ ಇದ್ದರೆ ಇಂಜಿನ್ ನೆಮ್ಮದಿಯಾಗಿದೆ, 10ರವರೆಗೂ ಚಿಂತೆಯಿಲ್ಲ. ತಯಾರಕರಿಂದ ತಯಾರಕರಿಗೆ ಮಿತಿ ಬೇರೆಯಾದರೂ ಸಾಮಾನ್ಯವಾಗಿ ಅದು ಶೇಕಡಾ 20ರಿಂದ 25ರಷ್ಟು ಧನಾತ್ಮಕವಾಗಿ ಏರಿ ಅಲ್ಲೇ ನಿಂತಾಗ ಈ ಕೋಡ್ ದಾಖಲಾಗುತ್ತದೆ. ಅಂದರೆ ದೀಪ ಹೊತ್ತಿದ ದಿನ ದೋಷ ಆರಂಭವಾದ ದಿನವಲ್ಲ; ಇಸಿಯು ಬಹಳ ದಿನ ಸಂಭಾಳಿಸಿ, ಇನ್ನು ತನ್ನಿಂದಾಗದು ಎಂದು ಕೈಚೆಲ್ಲಿದ ದಿನ.

ಇಲ್ಲಿ ಹಳೆಯ ಕಾರು ಎಂದರೆ ಇಂಜೆಕ್ಟರುಗಳೂ ಸ್ಕ್ಯಾನರ್ ಜೋಡಿಸುವ ಒಬಿಡಿ 2 ಸಾಕೆಟ್ಟೂ ಇರುವ, ಆದರೆ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಹದಿನೈದು ಇಪ್ಪತ್ತು ವರ್ಷ ವಯಸ್ಸಾಗಿರುವ ಪೆಟ್ರೋಲ್ ಕಾರು. ಅಮೆರಿಕದಲ್ಲಿ 1996ರ ಮಾದರಿಗಳಿಂದಲೂ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದಲೂ ಈ ವ್ಯವಸ್ಥೆ ಕಡ್ಡಾಯವಾಯಿತು. ಕಾರ್ಬುರೇಟರ್ ಕಾರುಗಳಲ್ಲೂ ಮಿಶ್ರಣ ತೆಳುವಾಗುತ್ತದೆ. ಆದರೆ ಅಲ್ಲಿ ಕೋಡ್ ಇರುವುದಿಲ್ಲ, ಪರೀಕ್ಷೆಯ ದಾರಿಯೂ ಬೇರೆ.

ಕೈಹಾಕುವ ಮೊದಲು

ಕೋಡನ್ನು ಅಳಿಸಬೇಡಿ. ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ನಿನ ವೇಗ, ಹೊರೆ, ನೀರಿನ ಉಷ್ಣಾಂಶ ಮತ್ತು ಟ್ರಿಮ್ ಎಷ್ಟಿದ್ದವು ಎಂಬುದನ್ನು ಇಸಿಯು ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಉಳಿಸಿಕೊಂಡಿರುತ್ತದೆ, ಮತ್ತು ಕೋಡ್ ಅಳಿಸಿದೊಡನೆ ಅದೂ ಹೋಗುತ್ತದೆ. ದೋಷ ನಿಂತಲ್ಲಿ ಕಾಣಿಸಿಕೊಂಡಿತೋ ಹೆದ್ದಾರಿಯಲ್ಲಿ ಕಾಣಿಸಿಕೊಂಡಿತೋ ಎಂಬ ಪುಕ್ಕಟೆ ಸಾಕ್ಷ್ಯ ಅದೊಂದೇ. ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಬೇರೆ ಕೋಡುಗಳಿವೆಯೇ ಎಂದೂ ನೋಡಿ. ಪಿ 0300ರ ಸಾಲಿನ ಮಿಸ್‌ಫೈರ್ ಕೋಡ್ ಇದ್ದರೆ ಅದನ್ನೇ ಮೊದಲು ಸರಿಪಡಿಸಬೇಕಾಗಬಹುದು. ಕಿಡಿ ಹತ್ತದ ಸಿಲಿಂಡರು ತಾನು ಎಳೆದುಕೊಂಡ ಆಮ್ಲಜನಕವನ್ನು ಬಳಸದೆ ಹಾಗೆಯೇ ಹೊರಗೆ ತಳ್ಳುತ್ತದೆ. ಸೆನ್ಸರ್ ಅದನ್ನು ಕಂಡು ಮಿಶ್ರಣ ತೆಳುವಾಗಿದೆ ಎಂದು ತಪ್ಪಾಗಿ ವರದಿ ಮಾಡುತ್ತದೆ. ಹೀಗೆ ಸವೆದ ಒಂದು ಸ್ಪಾರ್ಕ್ ಪ್ಲಗ್ ಕೂಡ ಪಿ 0171ರ ವೇಷ ಹಾಕಬಲ್ಲದು.

ಇನ್ನು ಎಚ್ಚರಿಕೆಯ ಮಾತು. ಮುಂದಿನ ಹಲವು ಪರೀಕ್ಷೆಗಳನ್ನು ಇಂಜಿನ್ ಚಾಲನೆಯಲ್ಲಿರುವಾಗಲೇ ಮಾಡಬೇಕಾಗುತ್ತದೆ. ಆದ್ದರಿಂದ ಕಾರನ್ನು ಬಯಲಿನಲ್ಲಿ ನಿಲ್ಲಿಸಿ; ಮುಚ್ಚಿದ ಷೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯನ್ನೂ ತೋರದೆ ಪ್ರಾಣ ತೆಗೆಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್ ಅಥವಾ ಪಾರ್ಕಿನಲ್ಲಿಡಿ. ಸಡಿಲವಾದ ತೋಳು, ಕೊರಳಿನ ಸರ, ಬಿಚ್ಚಿದ ಕೂದಲು ಬೆಲ್ಟು ಮತ್ತು ಫ್ಯಾನಿನ ಬಳಿ ಬರಬಾರದು. ಪೆಟ್ರೋಲಿಗೆ ಸಂಬಂಧಿಸಿದ ಭಾಗವನ್ನು ಮುಟ್ಟುವುದಾದರೆ ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ.

ಎಲ್ಲಕ್ಕೂ ಮೊದಲು: ಎರಡು ವೇಗಗಳಲ್ಲಿ ಟ್ರಿಮ್

ಈ ಕೋಡಿನ ಪತ್ತೆಯಲ್ಲಿ ಒಂದೇ ಒಂದು ಪರೀಕ್ಷೆಗೆ ಅವಕಾಶವಿದೆ ಎಂದರೆ ನಾನು ಆರಿಸಿಕೊಳ್ಳುವುದು ಇದನ್ನು. ಇದಕ್ಕೆ ಲೈವ್ ಡೇಟಾ ತೋರಿಸುವ ಸಾಧಾರಣ ಸ್ಕ್ಯಾನರ್ ಸಾಕು. ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ. ಇಂಜಿನ್ನನ್ನು ಪೂರ್ತಿ ಬಿಸಿಯಾಗಲು ಬಿಡಿ, ಎ.ಸಿ. ಆರಿಸಿ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ತಾನಾಗಿ ಓಡುತ್ತಿರುವಾಗ, ಎರಡೂ ಟ್ರಿಮ್‌ಗಳನ್ನು ಕೂಡಿಸಿ ಬರೆದುಕೊಳ್ಳಿ. ಬಳಿಕ ಆಕ್ಸಿಲರೇಟರನ್ನು ಒತ್ತಿ ಇಂಜಿನ್ ವೇಗವನ್ನು 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಸಾಧ್ಯವಾದರೆ ಇನ್ನೊಬ್ಬರು ಕಾರು ಓಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತು, ಏರುದಾರಿಯಲ್ಲಿ ಹೊರೆ ಬಿದ್ದಾಗ ಬರುವ ಸಂಖ್ಯೆಯನ್ನೂ ಗಮನಿಸಿ. ಓಡಿಸುವವರೇ ಸ್ಕ್ಯಾನರ್ ನೋಡಬಾರದು.

ಐಡ್ಲಿಂಗಿನಲ್ಲಿ ಟ್ರಿಮ್ ಬಹಳ ಹೆಚ್ಚಿದ್ದು ವೇಗ ಏರಿದಂತೆ ಇಳಿದರೆ, ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ. ಕಾರಣ ಸರಳ ಲೆಕ್ಕ. ಇಂಜಿನ್ನಿಗೆ ಹೋಗುವ ಗಾಳಿಯನ್ನು ತೂಕದಲ್ಲಿ ಅಳೆಯುವ ಮಾಫ್ ಸೆನ್ಸರ್ ಐಡ್ಲಿಂಗಿನಲ್ಲಿ ಸೆಕೆಂಡಿಗೆ 3 ಗ್ರಾಂ ತೋರಿಸುತ್ತಿದೆ ಎನ್ನೋಣ. ಬಿರಿದ ಹೋಸಿನಿಂದ ಅದಕ್ಕೆ ಗೊತ್ತಾಗದಂತೆ 0.75 ಗ್ರಾಂ ಸೇರಿದರೆ ಇಸಿಯು ಶೇಕಡಾ 25ರಷ್ಟು ಪೆಟ್ರೋಲ್ ಹೆಚ್ಚು ಕೊಡಬೇಕು. 2,500 ಆರ್‌ಪಿಎಂನಲ್ಲಿ ಅಳತೆಗೆ ಸಿಗುವ ಗಾಳಿ 12 ಗ್ರಾಮಿಗೆ ಏರುತ್ತದೆ, ಬಿರುಕಿನಿಂದ ಬರುವುದು ಮಾತ್ರ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಹೀಗಾಗಿ ತಿದ್ದುಪಡಿ ಶೇಕಡಾ 6ರ ಹತ್ತಿರಕ್ಕೆ ಇಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಐಡ್ಲಿಂಗಿನಲ್ಲಿ ಟ್ರಿಮ್ ಸರಿಯಾಗಿಯೇ ಇದ್ದು ವೇಗ ಮತ್ತು ಹೊರೆ ಏರಿದಂತೆ ಏರಿದರೆ, ಇಂಜಿನ್ನಿಗೆ ಬೇಕಾದಷ್ಟು ಪೆಟ್ರೋಲ್ ತಲುಪುತ್ತಿಲ್ಲ ಅಥವಾ ಮಾಫ್ ಸೆನ್ಸರ್ ಗಾಳಿಯನ್ನು ಕಡಿಮೆ ಎಣಿಸುತ್ತಿದೆ. ಎಲ್ಲ ವೇಗಗಳಲ್ಲೂ ಒಂದೇ ಸಮನೆ ಹೆಚ್ಚಿದ್ದರೆ ಪೆಟ್ರೋಲ್ ಒತ್ತಡ, ಮಾಫ್, ಆಕ್ಸಿಜನ್ ಸೆನ್ಸರ್ ಅಥವಾ ಪೆಟ್ರೋಲಿನ ಗುಣ, ಇವುಗಳಲ್ಲಿ ಯಾವುದೂ ಆಗಿರಬಹುದು. ಕೆಲವು ಕಾರುಗಳು ಈ ವಿಂಗಡಣೆಯನ್ನು ತಾವೇ ಮಾಡಿ, ಐಡ್ಲಿಂಗಿನ ತೆಳು ಮಿಶ್ರಣಕ್ಕೆ ಪಿ 2187 ಎಂದೂ ಐಡ್ಲಿಂಗ್ ಬಿಟ್ಟು ಉಳಿದ ವೇಗಗಳದ್ದಕ್ಕೆ ಪಿ 2177 ಎಂದೂ ಬೇರೆ ಕೋಡುಗಳನ್ನು ಕೊಡುತ್ತವೆ.

ಇಲ್ಲೊಂದು ಮುಖ್ಯ ಅಪವಾದವಿದೆ. ಎಲ್ಲ ಕಾರುಗಳಲ್ಲೂ ಮಾಫ್ ಇರುವುದಿಲ್ಲ. ಎಷ್ಟೋ ಚಿಕ್ಕ ಇಂಜಿನ್ನುಗಳು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರಿನಿಂದ ಅಳೆದು ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುತ್ತವೆ. ಅಂಥ ಇಂಜಿನ್ನಿನಲ್ಲಿ ಸೋರಿಕೆಯಿಂದ ಒಳಬಂದ ಗಾಳಿ ಒತ್ತಡವನ್ನೂ ಏರಿಸುವುದರಿಂದ ಅದು ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ. ಪರಿಣಾಮವಾಗಿ ತೆಳು ಮಿಶ್ರಣದ ಕೋಡಿಗಿಂತ ಹೆಚ್ಚಾಗಿ ಐಡ್ಲಿಂಗ್ ವೇಗವೇ ಏರಿ ನಿಲ್ಲುತ್ತದೆ. ಮ್ಯಾಪ್ ಇರುವ ಕಾರಿನಲ್ಲಿ ಪಿ 0171 ಬಂದಿದ್ದರೆ ಹೋಸುಗಳ ಹಿಂದೆ ದಿನವಿಡೀ ಅಲೆಯುವ ಮೊದಲು ಪೆಟ್ರೋಲ್ ಒತ್ತಡದ ಕಡೆ, ಸೈಲೆನ್ಸರ್ ಸೋರಿಕೆಯ ಕಡೆ ನೋಡುವುದು ಲೇಸು.

ಲಕ್ಷಣ: ನಿಂತಲ್ಲಿ ಇಂಜಿನ್ ನಡುಗುತ್ತದೆ, ಬಾನೆಟ್ಟಿನ ಕೆಳಗೆ ಸುಯ್ಯೆಂಬ ಸದ್ದು

ಸಿಗ್ನಲ್ಲಿನಲ್ಲಿ ನಿಂತಾಗ ಐಡ್ಲಿಂಗ್ ಏರಿಳಿಯುವುದು, ಒಮ್ಮೊಮ್ಮೆ ಇಂಜಿನ್ ಆಫ್ ಆಗುವುದು, ಓಡುವಾಗ ಮಾತ್ರ ಎಲ್ಲ ಸರಿಯೆನಿಸುವುದು, ಇವೆಲ್ಲ ವ್ಯಾಕ್ಯೂಮ್ ಸೋರಿಕೆಯ, ಅಂದರೆ ಬಿರುಕಿನಿಂದ ಕಳ್ಳಗಾಳಿ ಒಳಸೇರುವುದರ ಗುರುತುಗಳು. ಟ್ರಿಮ್ ಕೂಡ ಐಡ್ಲಿಂಗಿನಲ್ಲೇ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. ಹಳೆಯ ಕಾರುಗಳಲ್ಲಿ ನಾನು ಮೊದಲು ಬೆರಳು ಮಾಡುವುದು ಇದರತ್ತಲೇ, ಏಕೆಂದರೆ ಬಿಸಿ ಮತ್ತು ಎಣ್ಣೆಯ ಆವಿಯ ನಡುವೆ ವರ್ಷಾನುಗಟ್ಟಲೆ ಬೆಂದ ರಬ್ಬರು ಬಿರಿಯದೆ ಇರುವುದಿಲ್ಲ.

ಇಂಜಿನ್ ಆರಿಸಿ ತಣ್ಣಗಾದ ಮೇಲೆ ಕಣ್ಣು ಮತ್ತು ಕೈಗಳಿಂದ ಆರಂಭಿಸಿ. ಏರ್ ಫಿಲ್ಟರ್ ಡಬ್ಬಿಯಿಂದ, ಆಕ್ಸಿಲರೇಟರಿಗೆ ತಕ್ಕಂತೆ ಗಾಳಿ ಬಿಡುವ ಥ್ರಾಟಲ್ ಬಾಡಿಯವರೆಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಅಕಾರ್ಡಿಯನ್‌ನಂತೆ ಹಿಗ್ಗಿಸಿ ಮಡಿಕೆಗಳ ಒಳಗೆ ನೋಡಿ. ಸುಮ್ಮನಿದ್ದಾಗ ಮುಚ್ಚಿಕೊಂಡಿರುವ ಬಿರುಕು ಎಳೆದಾಗ ಬಾಯಿ ಬಿಡುತ್ತದೆ. ಗೇರಿಗೆ ಹಾಕಿದಾಗ ಇಂಜಿನ್ ತುಸು ವಾಲುವುದರಿಂದಲೂ ಅದೇ ಬಿರುಕು ತೆರೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಸರಿಯಿದ್ದ ಕಾರು ರಿವರ್ಸಿಗೆ ಹಾಕಿದೊಡನೆ ನಡುಗಿದರೆ ಆ ಪೈಪನ್ನೇ ಮೊದಲು ಶಂಕಿಸಬೇಕು. ಅದರ ಕ್ಲಾಂಪುಗಳು ಬಿಗಿಯಾಗಿವೆಯೇ ನೋಡಿ. ಆಮೇಲೆ ಮ್ಯಾನಿಫೋಲ್ಡಿನಿಂದ ಹೊರಡುವ ಪ್ರತಿಯೊಂದು ಸಣ್ಣ ಹೋಸನ್ನೂ ಬೆರಳಿನಿಂದ ಅದುಮುತ್ತ ಕೊನೆಯವರೆಗೆ ಹೋಗಿ. ಗಟ್ಟಿಯಾಗಿ ಕಟಕಟ ಎನ್ನುವ ಹೋಸು, ಎಣ್ಣೆಯಲ್ಲಿ ನೆನೆದು ಮೆತ್ತಗಾದ ಹೋಸು, ಎರಡರ ಕಾಲವೂ ಮುಗಿದಿದೆ. ಇಂಜಿನ್ನಿನ ಹೊಟ್ಟೆಯ ಆವಿಯನ್ನು ಮ್ಯಾನಿಫೋಲ್ಡಿಗೆ ಕಳಿಸುವ ಪಿಸಿವಿ ವಾಲ್ವಿನ ಹೋಸು ಬಾಗುವ ಜಾಗದಲ್ಲಿ ತಳಭಾಗದ ಕಡೆ ಬಿರಿಯುವುದು ಹೆಚ್ಚು, ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಹಾಗಾಗಿ ಕನ್ನಡಿ ಹಿಡಿದಾದರೂ ಕೆಳಗಡೆ ನೋಡಬೇಕು. ಎಣ್ಣೆ ತುಂಬುವ ಮುಚ್ಚಳ ಮತ್ತು ಡಿಪ್‌ಸ್ಟಿಕ್ಕಿನ ರಬ್ಬರ್ ಸೀಲನ್ನೂ ಬಿಡಬೇಡಿ. ಪಿಸಿವಿ ಮೂಲಕ ಇಂಜಿನ್ನಿನ ಹೊಟ್ಟೆ ಮ್ಯಾನಿಫೋಲ್ಡಿಗೆ ಸೇರಿಕೊಂಡಿರುವುದರಿಂದ ಅಲ್ಲಿ ಒಳಹೋಗುವ ಗಾಳಿಯೂ ಕಳ್ಳಗಾಳಿಯೇ.

ಕಣ್ಣಿಗೆ ಏನೂ ಕಾಣದಿದ್ದರೆ, ಇಂಜಿನ್ ಚಾಲೂ ಇಟ್ಟು ಶಾರ್ಟ್ ಟರ್ಮ್ ಟ್ರಿಮ್ ನೋಡುತ್ತ ಒಂದೊಂದೇ ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮ್ಯಾನಿಫೋಲ್ಡಿನ ಸಮೀಪ ಮೃದುವಾಗಿ ಅದುಮಿ. ಯಾವ ಹೋಸನ್ನು ಅದುಮಿದಾಗ ಟ್ರಿಮ್ ಥಟ್ಟನೆ ಇಳಿಯುತ್ತದೆಯೋ ಸೋರಿಕೆ ಆ ಹೋಸಿನಲ್ಲಿ ಅಥವಾ ಅದರಾಚೆ ಇದೆ. ಒಣಗಿದ ಹೋಸನ್ನು ಜೋರಾಗಿ ಹಿಚುಕಿದರೆ ಇಲ್ಲದ ಬಿರುಕನ್ನು ನೀವೇ ಮಾಡಿದಂತಾದೀತು. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ದಪ್ಪ ಹೋಸನ್ನು ಅದುಮಿದಾಗ ಟ್ರಿಮ್ ಇಳಿದರೆ, ಜೊತೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಅಥವಾ ಪೆಡಲ್ ಬಳಿ ಸುಯ್ ಸದ್ದು ಕೇಳಿಸಿದರೆ, ಅದು ಮಿಶ್ರಣದ ಸಮಸ್ಯೆಯಾಗಿ ಉಳಿಯುವುದಿಲ್ಲ. ಬೂಸ್ಟರಿನ ಒಳಗಿನ ಪೊರೆ ಹರಿದಿರಬಹುದು. ಸರಿಪಡಿಸುವವರೆಗೆ ಆ ಕಾರನ್ನು ರಸ್ತೆಗೆ ಇಳಿಸಬಾರದು.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಇಂಜೆಕ್ಟರುಗಳ ಬುಡದ ಓ ರಿಂಗ್, ಇವುಗಳನ್ನು ಅದುಮಲಾಗುವುದಿಲ್ಲ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ನೋಡುವುದು ಗ್ಯಾರೇಜುಗಳಲ್ಲಿ ರೂಢಿ. ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಹೊತ್ತಿಕೊಳ್ಳುವ ದ್ರವವನ್ನು ಎರಚುವ ಈ ಪದ್ಧತಿಯನ್ನು ಮನೆಯಲ್ಲಿ ಅನುಸರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬದಲು, ಇಂಜಿನ್ ಆಗಷ್ಟೇ ಚಾಲೂ ಆಗಿ ಇನ್ನೂ ತಣ್ಣಗಿರುವಾಗ ಸಾದಾ ನೀರನ್ನು ಸಿಂಪಡಿಸುವ ಬಾಟಲಿಯಿಂದ ಗ್ಯಾಸ್ಕೆಟ್ಟಿನ ಅಂಚಿಗೆ ಸಣ್ಣಗೆ ಬಿಡಬಹುದು. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿದಾಗ ಇಂಜಿನ್ನಿನ ಸದ್ದು ಬದಲಾಗುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್ ವೈರುಗಳ ಮೇಲೆ ನೀರು ಬೀಳಬಾರದು. ಇದಕ್ಕೂ ಬಗ್ಗದಿದ್ದರೆ ಹೊಗೆ ಪರೀಕ್ಷೆಯೇ ಸರಿ. ಅತಿ ಕಡಿಮೆ ಒತ್ತಡದ ಹೊಗೆಯನ್ನು ಮ್ಯಾನಿಫೋಲ್ಡಿಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಯಂತ್ರ ಈಗ ಅನೇಕ ಗ್ಯಾರೇಜುಗಳಲ್ಲಿದೆ. ಗಂಟೆಗಟ್ಟಲೆ ಹುಡುಕಿದ್ದು ಅದರಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಇದಕ್ಕೆ ಬಳಸಹೊರಟರೆ ಸೀಲುಗಳೇ ಕಿತ್ತುಹೋಗುತ್ತವೆ.

ಲಕ್ಷಣ: ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಮಾತ್ರ ತೊಂದರೆ

ಇಂಜಿನ್ ತಣ್ಣಗಿದ್ದಾಗ ನಡುಗಿ, ಬಿಸಿಯಾದ ಮೇಲೆ ತಾನಾಗಿ ಸರಿಹೋಗುವ ಕಾರಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಗಟ್ಟಿಯಾದ ಗ್ಯಾಸ್ಕೆಟ್ ತಂಪಿನಲ್ಲಿ ಕುಗ್ಗಿ ಸಂದು ಬಿಡುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಆ ಸಂದು ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಏನೂ ಸಿಗದಿರುವುದಕ್ಕೆ ಇದೇ ಕಾರಣ. ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟು ಬಂದು, ಬೆಳಿಗ್ಗೆ ಚಾಲೂ ಮಾಡುವ ಮೊದಲೇ ಹೊಗೆ ಪರೀಕ್ಷೆ ಮಾಡಲು ಹೇಳಿ.

ಲಕ್ಷಣ: ಏರಿನಲ್ಲಿ ಪಿಕಪ್ ಇಲ್ಲ, ಜೋರಾಗಿ ಒತ್ತಿದರೆ ಜಗ್ಗುತ್ತದೆ

ಹೊರೆ ಬಿದ್ದಾಗ ಟ್ರಿಮ್ ಏರುವ ಕಾರಿನಲ್ಲಿ ಮೊದಲು ನೋಡಬೇಕಾದುದು ಮಾಫ್ ಸೆನ್ಸರ್, ಏಕೆಂದರೆ ಅದರ ಶುದ್ಧೀಕರಣ ಅಗ್ಗ ಮತ್ತು ಸುಲಭ. ಅದರೊಳಗೆ ವಿದ್ಯುತ್ತಿನಿಂದ ಬಿಸಿಯಾಗುವ ಕೂದಲೆಳೆಯಂಥ ತಂತಿ ಅಥವಾ ತೆಳು ಪದರ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದೇ ಅಳತೆ. ಅದರ ಮೇಲೆ ಧೂಳು ಅಥವಾ ಎಣ್ಣೆಯ ಪದರ ಕಟ್ಟಿಕೊಂಡರೆ ತಣಿಯುವುದು ಕಡಿಮೆಯಾಗಿ ಗಾಳಿಯ ಎಣಿಕೆಯೂ ಕಡಿಮೆಯಾಗುತ್ತದೆ. ಎಣ್ಣೆ ಸವರಿ ಬಳಸುವ ಫಿಲ್ಟರುಗಳಿಗೆ ಹೆಚ್ಚು ಎಣ್ಣೆ ಹಾಕಿದವರ ಕಾರುಗಳಲ್ಲಿ ಇದು ಸಾಮಾನ್ಯ. ಬ್ಯಾಟರಿಯ ಸಂಪರ್ಕ ಬಿಡಿಸಿ, ಸೆನ್ಸರನ್ನು ಹೊರತೆಗೆದು, ಮಾಫ್ ಸೆನ್ಸರಿಗೆಂದೇ ಮಾರುವ ಕ್ಲೀನರನ್ನು ಮಾತ್ರ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬ್ರೇಕ್ ಕ್ಲೀನರ್, ಬ್ರಷ್, ಹತ್ತಿ, ಬಟ್ಟೆ ಯಾವುದೂ ಆ ತಂತಿಗೆ ತಾಗಬಾರದು. ಎರಡು ಲೀಟರಿನ ಇಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಮಾಫ್ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ತೋರಿಸುವುದು ವಾಡಿಕೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಗಾಳಿ ಬೇರೆ ದಾರಿಯಿಂದ ಹೋಗುತ್ತಿದೆ ಅಥವಾ ಸೆನ್ಸರ್ ಕೆಟ್ಟಿದೆ.

ಕಟ್ಟಿಕೊಂಡ ಏರ್ ಫಿಲ್ಟರಿನಿಂದ ಈ ಕೋಡ್ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಫಿಲ್ಟರ್ ಕಟ್ಟಿದರೆ ಇಂಜಿನ್ನಿಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಮಾಫ್ ಆ ಕಡಿಮೆ ಗಾಳಿಯನ್ನೇ ಅಳೆಯುತ್ತದೆ, ಪೆಟ್ರೋಲೂ ಅದಕ್ಕೆ ಹೊಂದಿಕೊಳ್ಳುತ್ತದೆ. ಶಕ್ತಿ ಕುಂದೀತೇ ಹೊರತು ಮಿಶ್ರಣ ತೆಳುವಾಗದು. ಸರಿಯಾಗಿ ಕೂರದ ಫಿಲ್ಟರಿನ ಸಂದಿನಿಂದ ಧೂಳು ನುಗ್ಗಿ ಮಾಫ್ ಕೊಳೆಯಾಗುವುದು ಬೇರೆ ಮಾತು.

ಮಾಫ್ ಶುದ್ಧವಾದ ಮೇಲೂ ಟ್ರಿಮ್ ಇಳಿಯದಿದ್ದರೆ ಪೆಟ್ರೋಲಿನ ಕಡೆಗೆ ತಿರುಗಬೇಕು. ಫ್ಯೂಯಲ್ ಫಿಲ್ಟರನ್ನು ಕೊನೆಯ ಬಾರಿ ಯಾವಾಗ ಬದಲಿಸಿದ್ದು ಎಂಬ ಪ್ರಶ್ನೆಗೆ ಮಾಲೀಕರ ಬಳಿ ಉತ್ತರವಿಲ್ಲದಿದ್ದರೆ, ಮತ್ತು ಅದು ಟ್ಯಾಂಕಿನ ಹೊರಗೇ ಇದ್ದರೆ, ಪಂಪಿನ ಮೇಲೆ ಹಣ ಹಾಕುವ ಮೊದಲು ಅದನ್ನು ಬದಲಿಸುವುದು ಜಾಣತನ. ನಂತರದ್ದು ಒತ್ತಡದ ಗೇಜ್. ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳುವಂಥ ಹಳೆಯ ವಿನ್ಯಾಸಗಳಲ್ಲಿ ಐಡ್ಲಿಂಗಿನಲ್ಲಿ ಸುಮಾರು 2.5ರಿಂದ 3 ಬಾರ್ ಒತ್ತಡವಿದ್ದು, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿದಾಗ ಸುಮಾರು ಅರ್ಧ ಬಾರ್ ಏರುತ್ತದೆ. ಮರಳುವ ಪೈಪ್ ಇಲ್ಲದ ವಿನ್ಯಾಸಗಳಲ್ಲಿ 3ರಿಂದ 4 ಬಾರ್ ಇರುವುದು ಸಾಮಾನ್ಯ. ನಿಮ್ಮ ಕಾರಿನ ಖಚಿತ ಸಂಖ್ಯೆ ಸರ್ವೀಸ್ ಮ್ಯಾನ್ಯುಯಲ್ಲಿನಲ್ಲಿರುತ್ತದೆ, ಅದೇ ಅಂತಿಮ. ಗೇಜ್ ಜೋಡಿಸುವ ಮೊದಲು ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪೈಪಿನೊಳಗಿನ ಒತ್ತಡ ಇಳಿಸಬೇಕು. ಹಾಗೆ ಮಾಡಿದ ಮೇಲೂ ಒಂದಿಷ್ಟು ಪೆಟ್ರೋಲ್ ಚಿಮ್ಮುತ್ತದೆ. ಆದ್ದರಿಂದ ಕನ್ನಡಕ ಹಾಕಿ, ಬಟ್ಟೆ ಸುತ್ತಿ ಬಿಚ್ಚಬೇಕು. ಗೇಜ್ ಜೋಡಿಸುವ ಸಿದ್ಧ ಬಾಯಿ ಇಲ್ಲದ ಕಾರಾದರೆ ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ಒತ್ತಡ ಐಡ್ಲಿಂಗಿನಲ್ಲಿ ಸರಿಯಿದ್ದ ಮಾತ್ರಕ್ಕೆ ಪಂಪು ನಿರ್ದೋಷಿಯಲ್ಲ. ಸವೆದ ಪಂಪು ಒತ್ತಡವನ್ನು ಕೊಡುತ್ತದೆ, ಪ್ರಮಾಣವನ್ನು ಕೊಡುವುದಿಲ್ಲ. ಏರಿನಲ್ಲಿ ಪೂರ್ತಿ ಒತ್ತಿದಾಗ ಇಸಿಯು ಮಿಶ್ರಣವನ್ನು ಬೇಕೆಂದೇ ದಪ್ಪ ಮಾಡುವುದರಿಂದ ಹಳೆಯ ಬಗೆಯ ಆಕ್ಸಿಜನ್ ಸೆನ್ಸರ್ 0.8 ವೋಲ್ಟಿನ ಮೇಲೆ ನಿಲ್ಲಬೇಕು. ಆರಂಭದಲ್ಲಿ ಹಾಗೆ ನಿಂತು, ಕೆಲವು ಸೆಕೆಂಡುಗಳಲ್ಲಿ ಜಾರಿ ಕೆಳಗೆ ಬಿದ್ದರೆ, ಪೈಪಿನಲ್ಲಿದ್ದ ಪೆಟ್ರೋಲ್ ಮುಗಿಯುವ ವೇಗಕ್ಕೆ ಪಂಪು ಹೊಸದನ್ನು ಕಳಿಸಲಾಗುತ್ತಿಲ್ಲ ಎಂದರ್ಥ. ಆದರೂ ಪಂಪನ್ನು ಬದಲಿಸುವ ಮೊದಲು, ಇಂಜಿನ್ ಓಡುತ್ತಿರುವಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿಸಿ. ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ, ತುಕ್ಕು ಹಿಡಿದ ಅರ್ತ್ ಅಥವಾ ಸುಟ್ಟ ರಿಲೇ ಪಾಯಿಂಟು ಪಂಪನ್ನು ಹಸಿವಿನಲ್ಲಿ ಕೆಡವಿದೆ. ಅಲ್ಲಿ ಹೊಸ ಪಂಪು ಹಾಕಿದರೂ ಹಳೆಯ ಕಥೆಯೇ.

ಲಕ್ಷಣ: ಎರಡು ಬ್ಯಾಂಕುಗಳಲ್ಲಿ ಒಂದರದ್ದೇ ಕೋಡ್

ಒಂದನೆಯ ಸಿಲಿಂಡರ್ ಇರುವ ಸಾಲು ಬ್ಯಾಂಕ್ 1, ಎದುರಿನದ್ದು ಬ್ಯಾಂಕ್ 2. ಒಂದೇ ಸಾಲಿನಲ್ಲಿ ನಿಂತ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಬ್ಯಾಂಕ್ 1 ಮಾತ್ರ ಇರುವುದರಿಂದ ಈ ಭಾಗ ಅದಕ್ಕೆ ಅನ್ವಯಿಸದು. ಎರಡೂ ಕೋಡುಗಳು ಒಟ್ಟಿಗೆ ಬಂದಿದ್ದರೆ ಕಾರಣ ಎರಡಕ್ಕೂ ಸಮಾನವಾದದ್ದು: ಮಾಫ್, ಪಂಪು, ಫಿಲ್ಟರ್, ಥ್ರಾಟಲ್‌ಗಿಂತ ಮುಂಚಿನ ಪೈಪು. ಒಂದೇ ಬಂದಿದ್ದರೆ ಮಾಫ್ ಮತ್ತು ಪಂಪಿನ ಹೆಸರನ್ನು ಪಟ್ಟಿಯಿಂದ ಬಹುಮಟ್ಟಿಗೆ ಹೊಡೆದುಹಾಕಬಹುದು. ಆ ಬದಿಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಆ ಬದಿಯ ಇಂಜೆಕ್ಟರುಗಳು, ಆ ಬದಿಯ ಆಕ್ಸಿಜನ್ ಸೆನ್ಸರ್ ಮತ್ತು ಅದರ ಮುಂಚಿನ ಎಕ್ಸಾಸ್ಟ್ ಜೋಡಣೆ, ಇಷ್ಟೇ ಉಳಿಯುತ್ತವೆ. ಆದರೆ ಒಂದು ಎಚ್ಚರ: ಎರಡನೆಯ ಬ್ಯಾಂಕಿನ ಟ್ರಿಮ್ ಶೇಕಡಾ 18ರಲ್ಲಿದ್ದು ಕೋಡ್ ಮಾತ್ರ ಬಂದಿಲ್ಲದಿರಬಹುದು. ಆದ್ದರಿಂದ ಕೋಡುಗಳನ್ನಷ್ಟೇ ಎಣಿಸದೆ ಎರಡೂ ಕಡೆಯ ಟ್ರಿಮ್ ನೋಡಿಯೇ ತೀರ್ಮಾನಕ್ಕೆ ಬನ್ನಿ.

ಲಕ್ಷಣ: ಕಾರು ಚೆನ್ನಾಗಿಯೇ ಓಡುತ್ತದೆ, ದೀಪ ಮಾತ್ರ ಆರುವುದಿಲ್ಲ

ನಡುಕವಿಲ್ಲ, ಜಗ್ಗುವುದಿಲ್ಲ, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತಿದೆ ಎಂದಾದರೆ ಮಿಶ್ರಣ ನಿಜಕ್ಕೂ ತೆಳುವಾಗಿದೆಯೇ ಎಂಬುದನ್ನೇ ಪ್ರಶ್ನಿಸಬೇಕು. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪು ಸೋರುತ್ತಿದ್ದರೆ, ಹೊಗೆಯ ಬಡಿತಗಳ ನಡುವಿನ ಬಿಡುವಿನಲ್ಲಿ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಟ್ಟು ಸೆನ್ಸರನ್ನು ಮೋಸಗೊಳಿಸುತ್ತದೆ. ಇಂಜಿನ್ ತಣ್ಣಗಿರುವಾಗ ಕೇಳಿಸುವ ಟಿಕ್ ಟಿಕ್ ಸದ್ದು ಮತ್ತು ಜೋಡಣೆಗಳ ಸುತ್ತ ಹರಡಿದ ಕಪ್ಪು ಮಸಿ ಇದರ ಗುರುತು.

ಸೆನ್ಸರಿನ ಸರದಿ ಬರುವುದು ಈಗ. ಹಳೆಯ ಬಗೆಯ ಸೆನ್ಸರಾದರೆ ಬಿಸಿ ಇಂಜಿನ್ನಿನಲ್ಲಿ ಅದರ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬಿಡುವಿಲ್ಲದೆ ಓಲಾಡುತ್ತಿರಬೇಕು, 0.45ಕ್ಕಿಂತ ಕೆಳಗೆ ತೆಳು, ಮೇಲೆ ದಪ್ಪ. ನಿಂತಲ್ಲೇ ಆಕ್ಸಿಲರೇಟರನ್ನು ಒಮ್ಮೆ ಥಟ್ಟನೆ ಒತ್ತಿ ಬಿಡಿ. ಒತ್ತಿದಾಗ 0.8ರ ಮೇಲಕ್ಕೆ ಜಿಗಿದು, ಬಿಟ್ಟಾಗ 0.1ರ ಹತ್ತಿರಕ್ಕೆ ಬಿದ್ದರೆ ಸೆನ್ಸರ್ ಎಚ್ಚರವಾಗಿದೆ. ಅದನ್ನು ಬದಲಿಸುವ ಹಣ ಉಳಿಯಿತು. ಎಷ್ಟು ಒತ್ತಿದರೂ ಕೆಳಗೇ ತೂಕಡಿಸಿದರೆ ಸೆನ್ಸರನ್ನೂ ಅದರ ವೈರುಗಳನ್ನೂ ಶಂಕಿಸಬಹುದು. ವೈಡ್‌ಬ್ಯಾಂಡ್ ಎಂಬ ಹೊಸ ಬಗೆಯ ಸೆನ್ಸರುಗಳಿಗೆ ಈ ಸಂಖ್ಯೆಗಳು ಹೊಂದುವುದಿಲ್ಲ.

ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಇಂಜಿನ್ನಿಗೆ ಶೇಕಡಾ 10ರ ಬೆರಕೆ ಹಾಕಿದರೆ ಟ್ರಿಮ್ ಸುಮಾರು 3ರಿಂದ 4ರಷ್ಟೂ, ಶೇಕಡಾ 20ರ ಬೆರಕೆಗೆ ಸುಮಾರು 7ರಿಂದ 8ರಷ್ಟೂ ಏರುತ್ತದೆ. ಆರೋಗ್ಯವಾಗಿರುವ ಇಂಜಿನ್ ಇದನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಆದರೆ ಸಣ್ಣ ಬಿರುಕಿನಿಂದಾಗಿ ಆಗಲೇ ಶೇಕಡಾ 15ರಲ್ಲಿದ್ದ ಕಾರಿಗೆ ಅದು ಮಿತಿ ದಾಟಿಸುವ ಕೊನೆಯ ತಳ್ಳು. ಅಂಥ ಸಂದರ್ಭದಲ್ಲಿ ಪೆಟ್ರೋಲ್ ಬಂಕನ್ನು ದೂರುವ ಮೊದಲು ಉಳಿದ 15 ಎಲ್ಲಿಂದ ಬಂತು ಎಂದು ಕೇಳಬೇಕು.

ಎಲ್ಲಿ ನಿಲ್ಲಿಸಬೇಕು

ಚೆಕ್ ಇಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಅದು ಮಿಟುಕಲು ಆರಂಭಿಸಿದರೆ ಮಿಸ್‌ಫೈರ್ ತೀವ್ರವಾಗಿದೆ ಎಂದರ್ಥ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಬಲ್ಲದು. ಕಾರನ್ನು ಬದಿಗೆ ನಿಲ್ಲಿಸಿ, ಎಳೆಸಿಕೊಂಡು ಹೋಗಿ. ಹೊರೆಯಲ್ಲಿ ಇಂಜಿನ್ನಿನಿಂದ ಕಟಕಟ ನಾಕಿಂಗ್ ಸದ್ದು ಬಂದರೆ ಆಕ್ಸಿಲರೇಟರ್ ಸಡಿಲಿಸಿ, ಪರೀಕ್ಷಾ ಸವಾರಿಯನ್ನು ಅಲ್ಲಿಗೇ ಮುಗಿಸಿ. ತೆಳು ಮಿಶ್ರಣದಲ್ಲಿ ಜೋರಾಗಿ ಓಡಿಸಿದ ಇಂಜಿನ್ನಿನ ಪಿಸ್ಟನ್ನಿಗೂ ಎಕ್ಸಾಸ್ಟ್ ವಾಲ್ವಿಗೂ ಹಾನಿಯಾಗಬಹುದು. ಪೆಟ್ರೋಲ್ ವಾಸನೆ ಬಂದರೆ ಅಥವಾ ಯಾವುದೇ ಪೈಪು ಒದ್ದೆಯಾಗಿ ಕಂಡರೆ ಇಂಜಿನ್ ಚಾಲೂ ಮಾಡಲೇಬೇಡಿ. ಟ್ಯಾಂಕ್ ಇಳಿಸುವ, ಪಂಪು ಹೊರತೆಗೆಯುವ, ಪೆಟ್ರೋಲನ್ನು ಪಾತ್ರೆಗೆ ಹರಿಸಿ ಪ್ರಮಾಣ ಅಳೆಯುವ ಕೆಲಸಗಳು ಮನೆಯ ಅಂಗಳದ್ದಲ್ಲ.

ದುರಸ್ತಿಯಾದ ಮೇಲೆ

ದೋಷ ಸಿಕ್ಕಿ ಸರಿಪಡಿಸಿದ ನಂತರವೇ ಕೋಡ್ ಅಳಿಸಬೇಕು. ಬಹುತೇಕ ಕಾರುಗಳಲ್ಲಿ ಅಳಿಸಿದಾಗ ಲಾಂಗ್ ಟರ್ಮ್ ಟ್ರಿಮ್ ಸೊನ್ನೆಗೆ ಮರಳಿ ಇಸಿಯು ಹೊಸದಾಗಿ ಕಲಿಯತೊಡಗುತ್ತದೆ. ದೀಪ ಆರಿದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಈ ಕೋಡ್ ಸಾಮಾನ್ಯವಾಗಿ ಎರಡು ಓಡಾಟಗಳಲ್ಲಿ ದೋಷ ಮರುಕಳಿಸಿದಾಗಲಷ್ಟೇ ದೀಪ ಹೊತ್ತಿಸುವುದರಿಂದ, ಏನೂ ಸರಿಪಡಿಸದಿದ್ದರೂ ಒಂದೆರಡು ದಿನ ದೀಪ ಆರಿಯೇ ಇರುತ್ತದೆ. ಊರೊಳಗಿನ ನಿಧಾನದ ಓಡಾಟ, ಹೆದ್ದಾರಿಯ ಒಂದೇ ವೇಗ, ಒಂದು ಏರು, ಇವೆಲ್ಲ ಸೇರಿದ ಕೆಲವು ದಿನಗಳ ಬಳಕೆಯ ನಂತರ ಮೊದಲಿನಂತೆಯೇ ಐಡ್ಲಿಂಗ್ ಮತ್ತು 2,500 ಆರ್‌ಪಿಎಂನಲ್ಲಿ ಟ್ರಿಮ್ ಬರೆದುಕೊಂಡು ಹಳೆಯ ಸಂಖ್ಯೆಗಳ ಪಕ್ಕದಲ್ಲಿಡಿ. ಎರಡೂ ಶೇಕಡಾ 5ರ ಆಸುಪಾಸಿಗೆ ಬಂದಿದ್ದರೆ ಸರಿ. 25ರಿಂದ 14ಕ್ಕೆ ಮಾತ್ರ ಇಳಿದಿದ್ದರೆ ಒಂದು ಸೋರಿಕೆ ಸಿಕ್ಕಿದೆ, ಇನ್ನೊಂದು ಉಳಿದಿದೆ. ಹಳೆಯ ಕಾರುಗಳಲ್ಲಿ ಹೋಸುಗಳೆಲ್ಲ ಒಂದೇ ವಯಸ್ಸಿನವಾದ್ದರಿಂದ ಇದು ಅಪರೂಪವೇನಲ್ಲ. ಮತ್ತೆ ಇಕ್ಕಳ ಹಿಡಿದು, ಮೊದಲ ಹೋಸಿನಿಂದ ಆರಂಭಿಸಬೇಕು.